ಸುದ್ದಿ ಬಿಡಲಾರೆ, ಪ್ರಬಂಧ ಮುಗಿಯುತ್ತಿಲ್ಲ: ಗಡಿನಾಡಿನ ಸಂಶೋಧಕಿಗೆ ಉತ್ತರ

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲದ ಕಡೆಯವಳು. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕನ್ನಡ ಪಿಎಚ್.ಡಿ. ಎರಡನೆಯ ವರ್ಷದಲ್ಲಿದ್ದೇನೆ. ದಿನಾ ಮನೆಯಿಂದಲೇ ಹೋಗಿ ಬರುವುದರಿಂದ ಬಸ್ಸಿನಲ್ಲೇ ನಾಲ್ಕು ಗಂಟೆ ಕಳೆಯುತ್ತದೆ. ಆ ಹೊತ್ತೆಲ್ಲ ಮೊಬೈಲಿನಲ್ಲಿ ಸುದ್ದಿ ಓದುತ್ತೇನೆ. ಭಾಷಾ ಮಸೂದೆ, ಊರಿನ ಹೆಸರು, ಅಧ್ಯಾಪಕ ಅರ್ಹತೆಯ ನೆಟ್ ಪರೀಕ್ಷೆ, ಫೆಲೋಶಿಪ್, ಎಲ್ಲವೂ ನಮ್ಮ ಮೇಲೆಯೇ ಬಂದು ಬೀಳುವಂತೆ ಕಾಣುತ್ತದೆ. ಸಂಜೆ ಬರೆಯಲು ಕೂತರೆ ತಲೆ ಓಡುವುದಿಲ್ಲ. ಓದುವುದನ್ನು ಬಿಟ್ಟರೆ ಗಡಿನಾಡಿನವಳಾಗಿ ತಪ್ಪು ಮಾಡಿದ ಹಾಗಾಗುತ್ತದೆ. ಫೇಸ್‌ಬುಕ್‌ನಲ್ಲಿ ಅಭಿಪ್ರಾಯ ಬರೆದು ಜಗಳಕ್ಕೂ ಸಿಕ್ಕಿಕೊಂಡಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಹೆಣೆದುಕೊಂಡಿವೆ. ಒಂದು ಹೊತ್ತಿನದು, ಇನ್ನೊಂದು ಸುದ್ದಿಯದು. ಹೊತ್ತಿನದನ್ನು ಸರಿಪಡಿಸುವುದು ಸುಲಭ, ಅದನ್ನು ಮೊದಲು ಮುಗಿಸೋಣ.

ಬರೆಯುವ ಕೆಲಸವನ್ನು ಸಂಜೆಗೆ ಇಟ್ಟುಕೊಂಡದ್ದೇ ಮೊದಲ ತಪ್ಪು. ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬಂದ ಮೈಯಿಂದ ಹೊಸ ವಾಕ್ಯ ಹುಟ್ಟುವುದಿಲ್ಲ. ಬೆಳಗ್ಗೆ ಐದೂಕಾಲರಿಂದ ಆರೂಮುಕ್ಕಾಲರವರೆಗೆ ಒಂದೂವರೆ ಗಂಟೆ ಬರೆಯಿರಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ದಿನಕ್ಕೆ 300 ಪದ ಸಾಕು. ವಾರಕ್ಕೆ ಐದು ದಿನವಾದರೆ 1500 ಪದ, ಎಂಟು ವಾರಕ್ಕೆ 12,000 ಪದದ ಅಧ್ಯಾಯದ ಮೊದಲ ಕರಡು ಕೈಯಲ್ಲಿರುತ್ತದೆ. ಇದು ಕೆಡುವುದು ಸಾಮಾನ್ಯವಾಗಿ ಮೊದಲ ಹದಿನೈದು ನಿಮಿಷದಲ್ಲಿ: ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಹಿಂದಿನ ಪುಟ ತಿದ್ದುತ್ತಾ ಕೂರುತ್ತೀರಿ, ಗಂಟೆ ಮುಗಿದಿರುತ್ತದೆ. ಅದಕ್ಕೆ ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಮರುದಿನದ ಪ್ಯಾರಾ ಏನು ಹೇಳಬೇಕೆಂದು ಎರಡು ಸಾಲು ಬರೆದು ಕೀಬೋರ್ಡಿನ ಮೇಲಿಡಿ. ಆಟಿ ತಿಂಗಳ ಮಳೆಗೆ ಕರೆಂಟು ಹೋಗುವುದು ನಮ್ಮಲ್ಲಿ ಮಾಮೂಲು, ರಾತ್ರಿಯೇ ಲ್ಯಾಪ್‌ಟಾಪ್ ಚಾರ್ಜಿಗಿಡಿ. ಅದೂ ಕೈಕೊಟ್ಟರೆ ಕಾಗದದ ಮೇಲೆ ಬರೆಯಿರಿ, ಗಂಟೆ ಮಾತ್ರ ತಪ್ಪಿಸಬೇಡಿ.

ಬಸ್ಸಿನಲ್ಲಿ ಓದಬೇಡಿ. ನಮ್ಮ ಒಳರಸ್ತೆಗಳ ತಿರುವಿನಲ್ಲಿ ಕಣ್ಣು ಅಲುಗದ ಪರದೆಯನ್ನು ನೋಡುತ್ತಿರುತ್ತದೆ, ಒಳಕಿವಿ ಮಾತ್ರ ಮೈ ಓಲಾಡುತ್ತಿದೆ ಎನ್ನುತ್ತದೆ. ಈ ಹೊಂದಿಕೆಯಾಗದ ವರದಿಗಳಿಂದಲೇ ತಲೆಸುತ್ತು, ವಾಕರಿಕೆ. ಸಂಜೆ ತಲೆ ಓಡದಿರುವುದಕ್ಕೆ ಸುದ್ದಿಯಷ್ಟೇ ಇದೂ ಕಾರಣವಿರಬಹುದು. ಬಸ್ಸು ಕೇಳುವ ಜಾಗ. ಬೆಳಗ್ಗೆ ಬರೆದ 300 ಪದಗಳನ್ನು ಹೊರಡುವ ಮುನ್ನ ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮೂರು ನಿಮಿಷದ ಕೆಲಸ. ಬಸ್ಸಿನಲ್ಲಿ ಎರಡು ಸಲ ಕೇಳಿ. ಕಣ್ಣು ಬಿಟ್ಟುಬಿಡುವ ತಪ್ಪನ್ನು ಕಿವಿ ಹಿಡಿಯುತ್ತದೆ: ಒಂದೇ ಪದ ಮೂರು ಸಲ ಬಂದದ್ದು, ಕರ್ತೃ ಎಲ್ಲೋ ಕ್ರಿಯಾಪದ ಎಲ್ಲೋ ಆದದ್ದು, ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆದದ್ದು.

ಸಂಜೆಗೆ ಹಗುರ ಕೆಲಸ ಸಾಕು. ಗ್ರಂಥಸೂಚಿ ತುಂಬಿಸುವುದು, ಅಡಿಟಿಪ್ಪಣಿ ಸರಿಪಡಿಸುವುದು, ಹಳೆಯ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ಬದಲಿಸುವುದು.

ಇನ್ನು ಸುದ್ದಿ. ನೀವು ಸುದ್ದಿ ಬಿಡಬೇಕಾಗಿಲ್ಲ. ಬಿಡಿ ಎಂದು ನಿಮಗೆ ಹೇಳುವವರಿಗೆ ಗಡಿನಾಡಿನ ಬದುಕು ಗೊತ್ತಿಲ್ಲ. 1956ರ ನವೆಂಬರ್ 1ರಂದು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಕಾಸರಗೋಡು ತಾಲೂಕಿನಲ್ಲಿ ಶಾಲೆ, ನೌಕರಿ, ಅರ್ಜಿ ಫಾರ್ಮು ಎಲ್ಲವೂ ಯಾವುದೋ ಆದೇಶದ ಒಂದು ಸಾಲಿನ ಮೇಲೆ ನಿಂತಿರುತ್ತವೆ. ನಿಮ್ಮ ಆತಂಕ ನ್ಯಾಯವಾದದ್ದೇ. ಆದರೆ ನೀವು ಈಗ ಓದುತ್ತಿರುವುದು ಬಹುಪಾಲು ಸುದ್ದಿಯ ಬಗೆಗಿನ ಮಾತನ್ನು. ಸಂಶೋಧನೆಯಲ್ಲಿ ಮೂಲ ಆಕರ ನೋಡದೆ ಒಂದು ವಾಕ್ಯ ಬರೆಯಲು ಹಿಂಜರಿಯುವವರು ನೀವು. ಸುದ್ದಿಗೂ ಅದೇ ಶಿಸ್ತು ಹಾಕಿ. ಆಗ ಓದುವ ಹೊತ್ತು ಕಾಲು ಭಾಗಕ್ಕೆ ಇಳಿಯುತ್ತದೆ, ತಿಳಿವಳಿಕೆ ಹೆಚ್ಚುತ್ತದೆ.

ಮೊದಲು ನಿಮ್ಮ ನೋಂದಣಿ, ಹಣ, ಗಡುವುಗಳಿಗೆ ಸಂಬಂಧಿಸಿದ ಸುದ್ದಿಯನ್ನು ಬೇರೆ ಮಾಡಿ. ಇದನ್ನು ವಾಟ್ಸಾಪಿನಲ್ಲಿ ಓದಲೇಬಾರದು. ಸೋಮವಾರ ಕ್ಯಾಂಪಸ್ಸಿನಲ್ಲಿ ಹದಿನೈದು ನಿಮಿಷ ಇಟ್ಟುಕೊಂಡು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ), ನೆಟ್ ನಡೆಸುವ ಎನ್‌ಟಿಎ ಮತ್ತು ನಿಮ್ಮ ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದ ಜಾಲತಾಣಗಳ ಸೂಚನಾ ಪುಟ ನೋಡಿ. 2024ರ ಜೂನ್ 18ರಂದು ನಡೆದ ನೆಟ್ ಮರುದಿನವೇ ರದ್ದಾಯಿತು. ಅಂಥ ದೊಡ್ಡ ಸುದ್ದಿ ಹೇಗೂ ನಿಮಗೆ ತಲುಪುತ್ತದೆ. ತಲುಪದಿರುವುದು ಸಣ್ಣಕ್ಷರದ ಸುತ್ತೋಲೆ. ಉದಾಹರಣೆಗೆ, 2022ರ ನವೆಂಬರಿನ ಪಿಎಚ್.ಡಿ. ನಿಯಮಾವಳಿ ಬಂದಾಗ ‘ಇನ್ನು ಲೇಖನ ಪ್ರಕಟಿಸಬೇಕಾಗಿಲ್ಲ’ ಎಂಬ ಶೀರ್ಷಿಕೆ ಎಲ್ಲ ಕಡೆ ಬಂತು. ಯುಜಿಸಿ ಆ ಕಡ್ಡಾಯವನ್ನು ತೆಗೆದದ್ದು ನಿಜ. ಆದರೆ ವಿಶ್ವವಿದ್ಯಾಲಯ ತನ್ನದೇ ನಿಯಮದಲ್ಲಿ ಅದನ್ನು ಉಳಿಸಿಕೊಂಡಿರಬಹುದು, ನಿಮ್ಮ ನೋಂದಣಿ ವರ್ಷಕ್ಕೆ ಯಾವುದು ಅನ್ವಯವೆಂದು ಅಲ್ಲೇ ನೋಡಬೇಕು. 2025ರ ಫೆಬ್ರವರಿಯಲ್ಲಿ ಮಾನ್ಯ ಸಂಶೋಧನಾ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿಯನ್ನೇ ನಿಲ್ಲಿಸಿದರು. ಹಳೆಯ ಪಟ್ಟಿಯನ್ನು ನಂಬಿ ಕನ್ನಡ ಪತ್ರಿಕೆಗಳಿಗೆ ಹಣ ಕಟ್ಟಿ ಲೇಖನ ಹಾಕಿಸುವವರು ಇನ್ನೂ ಇದ್ದಾರೆ. ಹಣ ಕಟ್ಟುವ ಮೊದಲು ನಿಮ್ಮ ವಿಭಾಗ ಈಗ ಯಾವ ಪತ್ರಿಕೆಗಳನ್ನು ಮಾನ್ಯ ಮಾಡುತ್ತದೆಂದು ಬರಹದಲ್ಲಿ ಕೇಳಿ.

2022ರ ಅದೇ ನಿಯಮಾವಳಿಯ ಕೆಲವು ಅಂಕಿಗಳು ನಿಮ್ಮ ಗೋಡೆಯ ಮೇಲಿರಲಿ. ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು, ಮಹಿಳೆಯರಿಗೆ ಅದರ ಮೇಲೂ 2 ವರ್ಷ. ಹೆರಿಗೆ ಮತ್ತು ಶಿಶುಪಾಲನೆ ರಜೆ 240 ದಿನದವರೆಗೆ. ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕು. ಫೆಲೋಶಿಪ್ ಇದ್ದರೆ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಮೊತ್ತ 2023ರ ಜನವರಿ 1ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ ಮೌಲ್ಯಮಾಪನವಾಗಿ ಎಸ್‌ಆರ್‌ಎಫ್ (ಹಿರಿಯ ಸಂಶೋಧಕರದು) ಆದರೆ 42,000. ಹಣ ತಡವಾದಾಗ ದಿಲ್ಲಿಯನ್ನು ದೂರುವ ಮೊದಲು ಸಂಸ್ಥೆಯಿಂದ ಆ ತಿಂಗಳ ದೃಢೀಕರಣ ಹೋಗಿದೆಯೇ ನೋಡಿ. ಗೈಡ್ ರಜೆಯಲ್ಲಿ, ಗುಮಾಸ್ತರು ಬದಲಾಗಿ, ಅದು ಅಲ್ಲೇ ನಿಂತಿರುವುದು ಉಂಟು. ತಿಂಗಳ ಕೊನೆಯ ವಾರದಲ್ಲಿ ನೀವೇ ಹೋಗಿ ವಿಚಾರಿಸಿ. ಮೂರು ತಿಂಗಳ ಬಸ್ ಖರ್ಚು, ಊಟ, ಜೆರಾಕ್ಸಿನಷ್ಟು ಹಣ ಬೇರೆ ಖಾತೆಯಲ್ಲಿರಲಿ.

ಈಗ ನಿಮ್ಮನ್ನು ನಿಜವಾಗಿ ಕಾಡುವ ಸುದ್ದಿಗೆ ಬರೋಣ, ಭಾಷೆಯದು. ಇದಕ್ಕೆ ವಾರಕ್ಕೊಂದು ಸಲ ಒಂದೂವರೆ ಗಂಟೆ ಕೊಡಿ, ಶನಿವಾರ ಮಧ್ಯಾಹ್ನ ಆಗಬಹುದು. ಒಂದು ನೋಟುಬುಕ್ಕಿನಲ್ಲಿ ಒಂದು ವಿಷಯಕ್ಕೆ ಒಂದು ಪುಟ. ಯಾರು ಹೇಳಿದರು, ಯಾವ ದಿನ, ಯಾವ ಕಾಗದದ ಆಧಾರದ ಮೇಲೆ, ಆ ಕಾಗದ ಯಾವ ಹಂತದಲ್ಲಿದೆ, ನಮಗೆ ತಗಲುವ ಸೆಕ್ಷನ್ ಯಾವುದು, ಮುಂದೆ ನೋಡಬೇಕಾದ ದಿನಾಂಕ ಯಾವುದು. ಕಾಗದದ ಜಾಗ ಖಾಲಿ ಇದ್ದರೆ ಆ ಸುದ್ದಿಯ ಬಗ್ಗೆ ನಿಮಗೆ ಇನ್ನೂ ಅಭಿಪ್ರಾಯವಿಲ್ಲ ಎಂದೇ ತಿಳಿಯಿರಿ.

ಹಂತ ಎಂದದ್ದು ಏಕೆಂದರೆ ಹೆಚ್ಚಿನ ಗೊಂದಲ ಅಲ್ಲೇ. ಮಸೂದೆ ಮಂಡನೆಯಾಗುವುದು ಒಂದು, ಸದನ ಅಂಗೀಕರಿಸುವುದು ಇನ್ನೊಂದು, ರಾಜ್ಯಪಾಲರ ಅಂಕಿತ ಮತ್ತೊಂದು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಾದಿರಿಸಲೂಬಹುದು. ಗೆಜೆಟಿನಲ್ಲಿ ಕಾಯ್ದೆಯಾಗಿ ಬಂದ ಮೇಲೂ ಜಾರಿಯ ದಿನಾಂಕ, ನಿಯಮಗಳು ಬಾಕಿ ಇರುತ್ತವೆ. ಮಲಯಾಳ ಭಾಷೆಯ ವಿಷಯದಲ್ಲಿ ನಮ್ಮವರು ಮೂರು ಬೇರೆ ಬೇರೆ ಕಾಗದಗಳನ್ನು ಒಂದೇ ಎಂದು ಮಾತಾಡುತ್ತಾರೆ. 2015ರಲ್ಲಿ ವಿಧಾನಸಭೆ ಅಂಗೀಕರಿಸಿದ ಭಾಷಾ ಮಸೂದೆ ರಾಷ್ಟ್ರಪತಿಗಳ ಅಂಕಿತ ಸಿಗದೆ ಕಾನೂನಾಗಲೇ ಇಲ್ಲ. 2017ರದ್ದು ಶಾಲೆಗಳಲ್ಲಿ ಮಲಯಾಳ ಕಲಿಕೆಯ ಕಾಯ್ದೆ, ಅದು ಜಾರಿಗೆ ಬಂತು. ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು ಅದರ ವಿರುದ್ಧ. 2025ರಲ್ಲಿ ಅಂಗೀಕಾರವಾದದ್ದು ಮೂರನೆಯದು. ಅದರಲ್ಲಿ ಭಾಷಾ ಅಲ್ಪಸಂಖ್ಯಾತರ ಕುರಿತ ಸೆಕ್ಷನ್ ಒಂದಿದೆ. ಕೇರಳ ಸರಕಾರ ರಕ್ಷಣೆ ಇದೆ ಎನ್ನುವುದೂ ಅದನ್ನೇ ತೋರಿಸಿ, ರಕ್ಷಣೆ ಸಾಲದು ಎನ್ನುವವರು ಪ್ರಶ್ನಿಸುವುದೂ ಅದನ್ನೇ. ಇಬ್ಬರ ಭಾಷಣಕ್ಕಿಂತ ಮೊದಲು ಆ ಸೆಕ್ಷನ್ನನ್ನು ನೀವೇ ಓದಿ. ‘ಆಗತಕ್ಕದ್ದು’ ಎಂದಿದೆಯೇ ‘ಆಗಬಹುದು’ ಎಂದಿದೆಯೇ, ‘ಸರಕಾರ ನಿಗದಿಪಡಿಸಿದಂತೆ’ ಎಂಬ ಷರತ್ತು ಇದೆಯೇ ಎಂದು ಗೆರೆ ಎಳೆಯಿರಿ. ಭಾಷೆ ಓದಿದವರಿಗೆ ಇದು ವಕೀಲರಿಗಿಂತ ಚೆನ್ನಾಗಿ ಬರಬೇಕು.

ಇಲ್ಲಿ ಒಂದು ತೊಡಕಿದೆ, ಅದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಕೇರಳದ ಆದೇಶಗಳನ್ನು ಮಲಯಾಳದಲ್ಲಿ ಓದುವಾಗ ನಮಗೆ ಪರಿಚಿತವಾಗಿ ಕಾಣುವ ಸಂಸ್ಕೃತ ಪದಗಳೇ ದಾರಿ ತಪ್ಪಿಸುತ್ತವೆ. ಮಲಯಾಳದ ‘ನಿಯಮಂ’ ಎಂದರೆ ಕಾಯ್ದೆ. ನಾವು ನಿಯಮ ಎನ್ನುವುದಕ್ಕೆ ಅಲ್ಲಿ ‘ಚಟ್ಟಂ’. ‘ಅವಕಾಶಂ’ ಎಂದರೆ ಹಕ್ಕು. ನಮ್ಮ ‘ಅವಕಾಶ’ದ ಅರ್ಥದಲ್ಲಿ ಓದಿದರೆ ಹಕ್ಕು ಕೊಟ್ಟ ಸಾಲು ದಯೆ ತೋರಿದ ಸಾಲಾಗಿ ಕಾಣುತ್ತದೆ. ‘ಅಪೇಕ್ಷ’ ಎಂದರೆ ಅರ್ಜಿ. ‘ಪ್ರಸಂಗಂ’ ಎಂದರೆ ಭಾಷಣ, ಯಕ್ಷಗಾನದ ಪ್ರಸಂಗವಲ್ಲ. ‘ಉಪನ್ಯಾಸಂ’ ಪ್ರಬಂಧ, ‘ನ್ಯೂನಪಕ್ಷಂ’ ಅಲ್ಪಸಂಖ್ಯಾತರು, ‘ಭೇದಗತಿ’ ತಿದ್ದುಪಡಿ. ‘ವಕುಪ್ಪ್’ ಎಂಬುದಕ್ಕೆ ಸೆಕ್ಷನ್ ಮತ್ತು ಇಲಾಖೆ ಎಂಬ ಎರಡೂ ಅರ್ಥವಿದೆ, ಸಂದರ್ಭ ನೋಡಿಯೇ ತಿಳಿಯಬೇಕು. ಇಂಥ ಪದಗಳ ಪಟ್ಟಿಯನ್ನು ನೋಟುಬುಕ್ಕಿನ ಕೊನೆಯ ಪುಟಗಳಲ್ಲಿ ಬೆಳೆಸುತ್ತಾ ಹೋಗಿ. ನಿಮಗೆ ಮಲಯಾಳ ಮಾತಾಡಲು ಬಂದು ಓದಲು ತಡವರಿಸುವುದಾದರೆ, ದಿನಕ್ಕೆ ಇಪ್ಪತ್ತು ನಿಮಿಷದಂತೆ ಒಂದು ತಿಂಗಳು ಬಸ್ಸಿನ ಬೋರ್ಡು, ಪೇಪರಿನ ಶೀರ್ಷಿಕೆಗಳಿಂದ ಶುರು ಮಾಡಿ. 1971ರ ಲಿಪಿ ಸುಧಾರಣೆಯ ಬಳಿಕದ ಮುದ್ರಣದಲ್ಲಿ ಒತ್ತಕ್ಷರಗಳು ಬಿಡಿಸಿಕೊಂಡಿರುವುದರಿಂದ ಓದು ಸುಲಭ, ಅದಕ್ಕಿಂತ ಹಳೆಯ ಕಾಗದಗಳ ಕೂಡಕ್ಷರಗಳಿಗೆ ಬೇರೆ ಅಭ್ಯಾಸ ಬೇಕು. ಮಲಯಾಳ ಓದಲು ಕಲಿತರೆ ಕನ್ನಡಕ್ಕೆ ದ್ರೋಹ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಮ್ಮ ಹಕ್ಕಿನ ಕಾಗದ ಯಾವ ಭಾಷೆಯಲ್ಲಿದೆಯೋ ಆ ಭಾಷೆಯನ್ನು ಓದಬಲ್ಲ ಕನ್ನಡಿಗರೇ ಇಲ್ಲಿ ಕಡಿಮೆ.

ಊರ ಹೆಸರಿನ ಗಲಾಟೆ ನೆನಪಿಸಿಕೊಳ್ಳಿ. 2021ರ ಜೂನ್‌ನಲ್ಲಿ ಮಧೂರು, ಕಾರಡ್ಕ, ಬೇಡಡ್ಕ ಮೊದಲಾದ ಕನ್ನಡ ಹೆಸರುಗಳನ್ನು ಕೇರಳ ಬದಲಿಸುತ್ತಿದೆ ಎಂಬ ಸುದ್ದಿ ಹಬ್ಬಿತು, ಕರ್ನಾಟಕದ ನಾಯಕರು ಪತ್ರ ಬರೆದರು, ಕೇರಳದ ಕಡೆಯಿಂದ ಅಂಥ ಪ್ರಸ್ತಾಪವೇ ಇಲ್ಲ ಎಂಬ ಉತ್ತರ ಬಂತು. ನಿಮ್ಮ ನೋಟುಬುಕ್ಕಿನ ಪುಟದಲ್ಲಿ ಕಾಗದದ ಜಾಗ ಖಾಲಿ ಉಳಿಯುತ್ತಿತ್ತು. ಗ್ರಾಮದ ಹೆಸರು ವಿಧಿಪೂರ್ವಕ ಬದಲಾಗಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ, ಸರ್ವೆ ಆಫ್ ಇಂಡಿಯಾ, ಅಂಚೆ, ರೈಲ್ವೆಗಳ ಅಭಿಪ್ರಾಯ, ಆಮೇಲೆ ಗೆಜೆಟ್ ಅಧಿಸೂಚನೆ ಬೇಕು. ಅದರ ಗುರುತು ಉಳಿಯದೆ ಇರದು. ಹಾಗೆಂದು ಜನರ ಕಳವಳ ಸುಳ್ಳೆನ್ನುವಂತಿಲ್ಲ. ಬೋರ್ಡಿನಲ್ಲಿ, ಬಸ್ಸಿನಲ್ಲಿ, ಫಾರ್ಮಿನಲ್ಲಿ ‘ಕುಂಬಳೆ’ ‘ಕುಂಬಳ’ವಾಗುವುದಕ್ಕೆ, ‘ಮಂಜೇಶ್ವರ’ ‘ಮಂಜೇಶ್ವರಂ’ ಆಗುವುದಕ್ಕೆ ಆದೇಶ ಬೇಕಿಲ್ಲ, ಬೋರ್ಡು ಬರೆಯುವವರ ಕೈ ಸಾಕು. ಆದೇಶವಿಲ್ಲದೆ ಆಗುವ ಬದಲಾವಣೆಗೆ ಬೇರೆ ಬಗೆಯ ಸಾಕ್ಷ್ಯ ಬೇಕು: ದಿನಾಂಕ, ಸ್ಥಳ ಬರೆದಿಟ್ಟ ಫೋಟೋಗಳು, ಅದೇ ಜಾಗದ ಹಳೆಯ ಬೋರ್ಡಿನ ಚಿತ್ರ, ಹಳೆಯ ತೀರ್ವೆ ರಶೀದಿ, ಶಾಲೆಯ ಮೊಹರು. ನಿಮ್ಮ ಬಸ್ಸಿನ ದಾರಿಯೇ ಇದಕ್ಕೆ ಒಳ್ಳೆಯ ಕ್ಷೇತ್ರ. ತಿಂಗಳಿಗೊಮ್ಮೆ ಒಂದು ನಿಲ್ದಾಣದಲ್ಲಿ ಇಳಿದು ನಾಲ್ಕು ಫೋಟೋ ತೆಗೆದರೆ ವರ್ಷಕ್ಕೆ ಒಂದು ಲೇಖನಕ್ಕಾಗುವಷ್ಟು ಸಾಮಗ್ರಿ.

ಹುಡುಕುವಾಗಲೂ ಈ ಬರಹಭೇದ ಕಾಡುತ್ತದೆ. ಒಂದು ಊರಿನ ಹೆಸರನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರು ಲಿಪಿಗಳಲ್ಲಿ, ಸಿಗುವ ಎಲ್ಲ ರೂಪಗಳಲ್ಲಿ ಹುಡುಕಿ. ಪಿಎಚ್.ಡಿ. ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿರುವ ಎಷ್ಟೋ ಕನ್ನಡ ಪ್ರಬಂಧಗಳು ಸ್ಕ್ಯಾನ್ ಆದವು ಅಥವಾ ಹಳೆಯ ಫಾಂಟಿನವು, ಒಳಗಿನ ಪದ ಹುಡುಕಿದರೆ ಸಿಗವು. ಪರಿವಿಡಿ ತೆರೆದೇ ನೋಡಬೇಕು. ಪತ್ರಿಕೆಯ ತುಣುಕು ಇಡುವಾಗ ಕಡತದ ಹೆಸರು ವರ್ಷ, ತಿಂಗಳು, ದಿನ, ಪತ್ರಿಕೆ, ಆವೃತ್ತಿ, ಪುಟ ಎಂಬ ಕ್ರಮದಲ್ಲಿರಲಿ. ಆವೃತ್ತಿ ಮರೆಯಬೇಡಿ. ಕಾಸರಗೋಡು ಪುಟದಲ್ಲಿ ಬಂದ ಸುದ್ದಿ ಅದೇ ದಿನದ ಅದೇ ಪತ್ರಿಕೆಯ ಬೆಂಗಳೂರು ಆವೃತ್ತಿಯಲ್ಲಿ ಇಲ್ಲದಿರಬಹುದು, ಆಗ ನಿಮ್ಮ ಉಲ್ಲೇಖವೇ ತಪ್ಪೆಂದು ಪರೀಕ್ಷಕರು ಬರೆದಾರು.

ಕಾಗದ ಸಿಗದಿದ್ದರೆ ಕೇಳಿ ಪಡೆಯಿರಿ. ಕೇರಳದ ಅಧಿಕೃತ ಭಾಷಾ ಕಾಯ್ದೆ 1969ರದು. 1973ರ ತಿದ್ದುಪಡಿಯಂತೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್, ಇಲಾಖಾ ಮುಖ್ಯಸ್ಥರು ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸ್ಥಳೀಯ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ನೇ ವಿಧಿ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಕೊಡುತ್ತದೆ. 1956ರ ಏಳನೇ ತಿದ್ದುಪಡಿಯಿಂದ ಬಂದ 350ಎ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣಕ್ಕೆ ಸಂಬಂಧಿಸಿದ್ದು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಕೇರಳದ ಕಚೇರಿಗಳಿಗೆ ಅಷ್ಟು ಮೊತ್ತದ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸುವುದು ಸುಲಭದ ದಾರಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ‘ಏಕೆ ಮಾಡಿಲ್ಲ?’ ಎಂದು ಕೇಳಿದಾಗ. ಕಾಯ್ದೆಯ ಪ್ರಕಾರ ಮಾಹಿತಿ ಎಂದರೆ ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ, ಅವರು ಹೊಸದಾಗಿ ಕೊಡಬೇಕಾದ ವಿವರಣೆಯಲ್ಲ. ‘ಕನ್ನಡ ಅಧ್ಯಾಪಕರನ್ನು ಏಕೆ ನೇಮಿಸಿಲ್ಲ’ ಎಂದು ಬರೆಯಬೇಡಿ. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಈ ಶಾಲೆಗಳಲ್ಲಿ ಮಂಜೂರಾದ, ಭರ್ತಿಯಾದ, ಖಾಲಿ ಇರುವ ಕನ್ನಡ ಹುದ್ದೆಗಳ ಪಟ್ಟಿ ಹಾಗೂ ಸಂಬಂಧಿತ ಆದೇಶಗಳ ಪ್ರತಿ’ ಎಂದು ಬರೆಯಿರಿ. ಒಂದು ಅರ್ಜಿಗೆ ಒಂದೇ ವಿಷಯ.

ಇವೆರಡಕ್ಕೂ ಸೇರದ ಸುದ್ದಿಗೆ, ಚುನಾವಣೆಯ ಲೆಕ್ಕಾಚಾರ, ಟಿವಿ ಚರ್ಚೆ, ಯಾರು ಯಾರಿಗೆ ಬೈದರು ಎಂಬುದಕ್ಕೆ, ದಿನಕ್ಕೆ ಅರ್ಧ ಗಂಟೆ, ಅದೂ ಕಾಗದದ ಪೇಪರು, ರಾತ್ರಿ ಊಟಕ್ಕೆ ಮೊದಲು. ಪೇಪರಿಗೆ ಕೊನೆಯ ಪುಟವಿದೆ, ಮೊಬೈಲಿಗಿಲ್ಲ.

ಫೇಸ್‌ಬುಕ್ ಜಗಳದ ಬಗ್ಗೆ. ಬರೆಯಬೇಡಿ ಎನ್ನಲಾರೆ, ನಿಮ್ಮಂಥವರು ಬರೆಯದಿದ್ದರೆ ಆ ಜಾಗವನ್ನು ತಿಳಿಯದವರು ತುಂಬುತ್ತಾರೆ. ಆದರೆ ಮೂಲ ಕಾಗದ ಓದಿ ಒಂದು ರಾತ್ರಿ ಕಳೆದ ಮೇಲೆ ಬರೆಯಿರಿ. ಮೂರು ಸಾಲಿನ ಟಿಪ್ಪಣಿಗಳ ಬದಲು ತಿಂಗಳಿಗೊಂದು 700 ಪದದ ಲೇಖನ ಪತ್ರಿಕೆಗೆ ಕಳಿಸಿ. ಮೊದಲ ಪ್ಯಾರಾದಲ್ಲೇ ಯಾವ ಕಾಗದ, ಯಾವ ಸೆಕ್ಷನ್ ಎಂದು ಹೇಳಿಬಿಡಿ, ಉತ್ತರ ಕೊಡುವವರೂ ಅದರ ಬಗ್ಗೆಯೇ ಮಾತಾಡಬೇಕಾಗುತ್ತದೆ. ಒಂದು ಎಚ್ಚರಿಕೆ: ಪ್ರಬಂಧದ ಪ್ಯಾರಾಗಳನ್ನು ಹಾಗೆಯೇ ಲೇಖನಕ್ಕೆ ಹಾಕಬೇಡಿ. ಕೃತಿಚೌರ್ಯದ ಬಗೆಗಿನ ಯುಜಿಸಿಯ 2018ರ ನಿಯಮದಂತೆ ಬೇರೆ ಬರಹಗಳೊಂದಿಗಿನ ಸಾಮ್ಯ 10 ಶೇಕಡಾ ಒಳಗಿದ್ದರೆ ದಂಡವಿಲ್ಲ, 10ರಿಂದ 40ರವರೆಗೆ ತಿದ್ದಿ 6 ತಿಂಗಳೊಳಗೆ ಮತ್ತೆ ಸಲ್ಲಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು. ನಿಮ್ಮದೇ ಲೇಖನ ಜಾಲತಾಣದಲ್ಲಿ ಯೂನಿಕೋಡಿನಲ್ಲಿದ್ದರೆ ತಂತ್ರಾಂಶ ಅದನ್ನೂ ಹಿಡಿಯುತ್ತದೆ. ಹಾಕಲೇಬೇಕಾದರೆ ಮೊದಲು ಗೈಡ್‌ಗೆ ತಿಳಿಸಿ, ಪ್ರಬಂಧದಲ್ಲಿ ಆ ಲೇಖನವನ್ನು ಉಲ್ಲೇಖಿಸಿ.

ಇಷ್ಟೆಲ್ಲ ಮಾಡಿಯೂ ನಿದ್ದೆ ಬಾರದೆ, ಎರಡು ವಾರ ಕಳೆದರೂ ಪುಟ ತೆರೆಯಲು ಭಯವಾಗುತ್ತಿದ್ದರೆ ಅದು ಹೊತ್ತಿನ ಹೊಂದಾಣಿಕೆಯ ವಿಷಯವಲ್ಲ. ಮಾನಸಿಕ ನೆರವಿಗೆ ಸಹಾಯವಾಣಿಗಳಿವೆ: ಕೇಂದ್ರದ ಟೆಲಿ ಮಾನಸ್ 14416, ಕೇರಳದ ದಿಶಾ 1056, ಎರಡೂ ಉಚಿತ. ಗೈಡ್‌ಗೂ ಹೇಳಿ. ಪ್ರಗತಿ ವರದಿಯ ಹಿಂದಿನ ದಿನ ಹೇಳುವುದಕ್ಕಿಂತ ಸೆಮಿಸ್ಟರಿನ ನಡುವೆ ಹೇಳಿದರೆ ಅವರ ಕೈಯಲ್ಲೂ ಏನಾದರೂ ಮಾಡಲು ಸಮಯವಿರುತ್ತದೆ.

ಬರುವ ಶನಿವಾರಕ್ಕೆ ಮೊದಲ ಪುಟವಾಗಿ 2025ರ ಭಾಷಾ ಮಸೂದೆಯನ್ನೇ ತೆಗೆದುಕೊಳ್ಳಿ. ಮೂಲಪಾಠ ಕೇರಳ ವಿಧಾನಸಭೆಯ ಜಾಲತಾಣದ ಮಸೂದೆಗಳ ವಿಭಾಗದಲ್ಲಿ ಹುಡುಕಿ. ಮಲಯಾಳ ಪಾಠವನ್ನೂ ಇಂಗ್ಲಿಷ್ ಪಾಠವನ್ನೂ ಮುದ್ರಿಸಿಕೊಂಡು, ಅಲ್ಪಸಂಖ್ಯಾತರ ಸೆಕ್ಷನ್ನನ್ನು ಸಾಲಿನ ಎದುರು ಸಾಲು ಇಟ್ಟು ಕನ್ನಡಕ್ಕೆ ತನ್ನಿ. ‘ಅವಕಾಶಂ’ ಬಂದಲ್ಲೆಲ್ಲ ‘ಹಕ್ಕು’ ಎಂದೇ ಬರೆಯಿರಿ.